ಮೂಗಿನ ಮೇಲೆ ಹೆಬ್ಬೆರಳು

ಡೈನೋಸಾರ್ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ. ಒಂದು ಕಡೆ ರಬ್ಬರ್ ಚರ್ಮ ಹೊದ್ದ ದೊಡ್ಡ ದೊಡ್ಡ ಯಂತ್ರಗಳು ತಲೆ ಆಡಿಸುತ್ತಾ ಘರ್ಜಿಸುತ್ತಿರುತ್ತವೆ. ಕೆಂಪು ದೀಪ, ಹೊಗೆ, ಸ್ಪೀಕರಿನಿಂದ ಗುಡುಗು. ಇನ್ನೊಂದು ಕಡೆ ಮರಳು ತುಂಬಿದ ತೊಟ್ಟಿ, ಬ್ರಷ್ಷುಗಳು, ಮುಟ್ಟಿ ನೋಡಲು ಇಟ್ಟ ಹಲ್ಲು, ಮೊಟ್ಟೆ, ಜೋಡಿಸಲು ಒಂದು ರಾಶಿ ಮೂಳೆ. ಜನ ಎಲ್ಲಿ ತುಂಬಿರುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ. ಫೋಟೊ ಚೆನ್ನಾಗಿ ಬರುವುದು ಮೊದಲನೆಯ ಕಡೆ.

ಐದೂವರೆ ವರ್ಷದ ಮಗಳನ್ನೂ ನಾಲ್ಕು ವರ್ಷದ ಅಣ್ಣನ ಮಗನನ್ನೂ ಕರೆದುಕೊಂಡು ಹೋಗಿ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಘರ್ಜನೆಯ ಕಡೆ ಮಕ್ಕಳು ಡೈನೋಸಾರ್ ನೋಡುತ್ತಾರೆ. ಮರಳಿನ ಕಡೆ, ಡೈನೋಸಾರ್ ಹೀಗಿತ್ತು ಅಂತ ದೊಡ್ಡವರಿಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ನೋಡುತ್ತಾರೆ. ಮೊದಲನೆಯದು ಮನೆಯ ಟೀವಿಯಲ್ಲೂ ಸಿಗುತ್ತದೆ. ಎರಡನೆಯದು ಸುಲಭಕ್ಕೆ ಸಿಗುವುದಿಲ್ಲ.

ಘರ್ಜನೆಯ ವಿಷಯ ಬೇಗ ಮುಗಿಸಿಬಿಡುತ್ತೇನೆ. ಅಣ್ಣನ ಮಗ ಒಳಗೆ ಕಾಲಿಟ್ಟ ಕೂಡಲೇ ನನ್ನ ಕುತ್ತಿಗೆಗೆ ಜೋತುಬಿದ್ದ. "ಅತ್ತೆ, ಹೋಗೋಣ" ಅಂತ ಒಂದೇ ರಾಗ. ಯಂತ್ರ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಯಂತ್ರ ಹೌದೋ ಅಲ್ಲವೋ ಅನ್ನುವುದು ಅವನ ಚಿಂತೆಯೇ ಆಗಿರಲಿಲ್ಲ, ಕೂಗು ಮಾತ್ರ ನಿಜವಾದದ್ದೇ ಆಗಿತ್ತಲ್ಲ! ತಮಾಷೆ ಏನಂದರೆ ಆ ಕೂಗಿಗೇ ಆಧಾರ ಕಡಿಮೆ. ಗಂಟಲಿನ ಮೆತ್ತನೆಯ ಭಾಗಗಳು ಕಲ್ಲಾಗಿ ಉಳಿಯುವುದು ತೀರಾ ಅಪರೂಪ. ಇವತ್ತು ಬದುಕಿರುವ ಹತ್ತಿರದ ನೆಂಟರನ್ನು, ಅಂದರೆ ಹಕ್ಕಿಗಳನ್ನೂ ಮೊಸಳೆಗಳನ್ನೂ ನೋಡಿ ಊಹೆ ಮಾಡಬೇಕು. ಪಾರಿವಾಳ ಗುಟುರುವಾಗ ಕೊಕ್ಕು ಮುಚ್ಚಿರುತ್ತದೆ. ಆಸ್ಟ್ರಿಚ್ ಕೂಡ ಬಾಯಿ ತೆರೆಯದೆ ಗುಮ್ಮೆನ್ನುವ ಸದ್ದು ಹೊರಡಿಸುತ್ತದೆ. ದೊಡ್ಡ ಡೈನೋಸಾರ್‌ಗಳೂ ಹೀಗೆಯೇ ಬಾಯಿ ಮುಚ್ಚಿಕೊಂಡು ಎದೆಯಿಂದ ಸದ್ದು ಮಾಡುತ್ತಿದ್ದಿರಬಹುದು ಅಂತ ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಹೊರಗೆ ಬಂದು ಇದನ್ನು ಹೇಳಿದಾಗ ಮಗಳು ತುಟಿ ಬಿಗಿಹಿಡಿದು "ಹ್ಞೂಂಂಂ" ಅಂತ ಶುರುಮಾಡಿದಳು. ಎದೆ ಮೇಲೆ ಕೈ ಇಟ್ಟುಕೋ, ನಡುಗುತ್ತಾ ನೋಡು ಅಂದೆ. ಅಳುತ್ತಿದ್ದವನೂ ಅಳು ನಿಲ್ಲಿಸಿ ಅವಳ ಜೊತೆ ಸೇರಿಕೊಂಡ. ಅಷ್ಟು ಹಣ ಸುರಿದು ಮಾಡಿದ ಯಂತ್ರ ಹೆದರಿಸಿದ ಮಗುವನ್ನು ಒಂದು "ಹ್ಞೂಂ" ಸಮಾಧಾನ ಮಾಡಿತು.

ಅಲ್ಲಿ ನನ್ನ ಕಿವಿಗೆ ಎಲ್ಲಕ್ಕಿಂತ ಜಾಸ್ತಿ ಬಿದ್ದ ಪ್ರಶ್ನೆ, "ಇದು ನಿಜಾನಾ?" ನಮ್ಮ ಮಕ್ಕಳೊಂದೇ ಅಲ್ಲ, ಅಕ್ಕಪಕ್ಕದ ಮಕ್ಕಳೆಲ್ಲಾ ಅದನ್ನೇ ಕೇಳುತ್ತಿದ್ದರು. ದೊಡ್ಡವರು ಅರ್ಧ ಜನ "ಹೌದು" ಅಂದರು, ಅರ್ಧ ಜನ "ಇಲ್ಲ, ಸುಮ್ನೆ ಮಾಡಿಟ್ಟಿದ್ದಾರೆ" ಅಂದರು. ಎರಡೂ ಉತ್ತರ ಮಕ್ಕಳಿಗೆ ಸಾಕಾಗುವುದಿಲ್ಲ. ಯಾಕೆಂದರೆ ಆ ಒಂದು ಪ್ರಶ್ನೆಯೊಳಗೆ ಬೇರೆ ಬೇರೆ ಪ್ರಶ್ನೆಗಳಿವೆ. ಇದಕ್ಕೆ ಜೀವ ಇದೆಯಾ, ನನ್ನನ್ನು ಕಚ್ಚುತ್ತಾ? ಇಂಥದ್ದೊಂದು ಪ್ರಾಣಿ ಒಂದು ಕಾಲದಲ್ಲಿ ಇತ್ತಾ, ಇಲ್ಲಾ ಕಥೆಯ ರಾಕ್ಷಸನ ಹಾಗೆ ಇದೂ ಕಥೆಯಾ? ಈಗ ನಾನು ಮುಟ್ಟುತ್ತಿರುವ ಮೂಳೆ ಅದರದ್ದೇ ಮೂಳೆಯಾ? ನಾಲ್ಕು ವರ್ಷದವನಿಗೆ ಬೇಕಿದ್ದದ್ದು ಮೊದಲನೆಯದರ ಉತ್ತರ. ಮಗಳಿಗೆ ಬೇಕಿದ್ದದ್ದು ಕೊನೆಯದರ ಉತ್ತರ.

ಆ ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಪ್ರದರ್ಶನಗಳಲ್ಲಿ ನಿಲ್ಲಿಸುವ ಅಸ್ಥಿಪಂಜರಗಳಲ್ಲಿ ಬಹಳಷ್ಟು ಅಚ್ಚು ತೆಗೆದು ಮಾಡಿದ ಪ್ರತಿಗಳು. ಅಸಲಿ ಪಳೆಯುಳಿಕೆ ತುಂಬಾ ಭಾರ, ಬೇಗ ಒಡೆಯುವಂಥದ್ದು. ಚಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ 'ಸೂ' ಹೆಸರಿನ ಟಿ. ರೆಕ್ಸ್ (ಟೈರನೊಸಾರಸ್ ರೆಕ್ಸ್ ಎಂಬ ದೊಡ್ಡ ಡೈನೋಸಾರ್) ಪ್ರಪಂಚದಲ್ಲೇ ಅತಿ ಹೆಚ್ಚು ಮೂಳೆ ಸಿಕ್ಕಿರುವ ಟಿ. ರೆಕ್ಸ್‌ಗಳಲ್ಲಿ ಒಂದು. 1990ರಲ್ಲಿ ಸಿಕ್ಕಿದ್ದು. ಅದರ ಅಸಲಿ ತಲೆಬುರುಡೆಯನ್ನು ಕೂಡ ಮೈಗೆ ಜೋಡಿಸಿಲ್ಲ, ಭಾರ ತಡೆಯುವುದಿಲ್ಲ ಅಂತ ಬೇರೆ ಇಟ್ಟಿದ್ದಾರೆ. ಕುತ್ತಿಗೆಯ ಮೇಲಿರುವುದು ಪ್ರತಿ. ಹೋಗಲಿ, ಅಸಲಿ ಅನ್ನುವುದಾದರೂ ಮೂಳೆಯಾ? ಮಣ್ಣಿನಡಿ ಕೋಟ್ಯಂತರ ವರ್ಷ ಕೂತ ಮೂಳೆಯ ಸಣ್ಣ ಸಣ್ಣ ತೂತುಗಳಲ್ಲಿ ನೀರಿನ ಜೊತೆ ಬಂದ ಖನಿಜ ತುಂಬಿಕೊಂಡಿರುತ್ತದೆ. ಎಷ್ಟೋ ಕಡೆ ಮೂಳೆಯ ಜಾಗದಲ್ಲೇ ಖನಿಜ ಕೂತಿರುತ್ತದೆ. ಆಕಾರ ಮೂಳೆಯದ್ದು, ತೂಕ ಕಲ್ಲಿನದ್ದು.

ಇದನ್ನು ಬಾಯಲ್ಲಿ ಹೇಳಿದರೆ ಐದು ವರ್ಷದ ಮಗುವಿಗೆ ಏನೂ ಅರ್ಥ ಆಗುವುದಿಲ್ಲ. ಅಲ್ಲಿ ಸಹಾಯಕ್ಕೆ ನಿಂತಿದ್ದ ಹುಡುಗಿ ಒಂದು ಮಾತೂ ವಿವರಿಸದೆ ಮಗಳ ಒಂದು ಕೈಗೆ ಇವತ್ತಿನ ಪ್ರಾಣಿಯೊಂದರ ಒಣ ಮೂಳೆ ಕೊಟ್ಟಳು, ಇನ್ನೊಂದು ಕೈಗೆ ಅಷ್ಟೇ ಗಾತ್ರದ ಪಳೆಯುಳಿಕೆ ಚೂರು ಕೊಟ್ಟಳು. ಎರಡನೆಯ ಕೈ ಧಡ್ ಅಂತ ಕೆಳಗಿಳಿಯಿತು. ಮಗಳ ಹುಬ್ಬು ಮೇಲೇರಿತು. "ಇದು ಕಲ್ಲು!" "ಕಲ್ಲಾದರೆ ಈ ಗೀಟುಗಳು ಯಾಕಿವೆ?" ಅಂದಳು ಆ ಹುಡುಗಿ. ಮಗಳು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ತುದಿಯಲ್ಲಿ ಎರಡರಲ್ಲೂ ಅದೇ ಸಣ್ಣ ತೂತುಗಳು. ಸ್ವಲ್ಪ ಹೊತ್ತು ಬಿಟ್ಟು, "ಮೂಳೆ ಆಗಿತ್ತು, ಆಮೇಲೆ ಕಲ್ಲಾಯ್ತು" ಅಂದಳು. ಇಷ್ಟನ್ನು ನಾನು ಮನೆಯಲ್ಲಿ ಪುಸ್ತಕ ತೋರಿಸಿ ಎಷ್ಟೋ ಸಲ ಓದಿದ್ದೆ. ಆಗ ಹೋಗದ ವಿಷಯ ತೂಕದ ದಾರಿಯಲ್ಲಿ ಒಳಗೆ ಹೋಯಿತು.

(ಅಂದ ಹಾಗೆ, ಅಣ್ಣನ ಮಗ ತನ್ನ ಚೂರನ್ನು ನೆಕ್ಕಿಬಿಟ್ಟ. ನಾನು ಗದರಿಸುವಷ್ಟರಲ್ಲಿ ಆ ಹುಡುಗಿ ನಕ್ಕು, ಬಯಲಿನಲ್ಲಿ ಹುಡುಕುವವರು ಕೂಡ ಒಮ್ಮೊಮ್ಮೆ ಹೀಗೇ ಮಾಡುತ್ತಾರೆ ಅಂದಳು. ಮಾತು ನಿಜ. ಪಳೆಯುಳಿಕೆ ಮೂಳೆಯ ತೂತುಗಳು ಒದ್ದೆಯನ್ನು ಹೀರಿಕೊಳ್ಳುವುದರಿಂದ ನಾಲಿಗೆಗೆ ಅಂಟಿದ ಹಾಗಾಗುತ್ತದೆ, ಮಾಮೂಲಿ ಕಲ್ಲು ಹಾಗೆ ಅಂಟುವುದಿಲ್ಲ. ಆದರೆ ನೂರಾರು ಮಕ್ಕಳು ಮುಟ್ಟಿದ ಚೂರಿಗೆ ಈ ಪರೀಕ್ಷೆ ಬೇಡ.)

ಮುಟ್ಟಲು ಬಿಡುವುದು ಅನ್ನುವ ಯೋಚನೆ ಹೊಸದೇನಲ್ಲ. ಮಕ್ಕಳಿಗಾಗಿಯೇ ಮಾಡಿದ ಮೊದಲ ವಸ್ತುಸಂಗ್ರಹಾಲಯ ಬ್ರೂಕ್ಲಿನ್‌ನಲ್ಲಿ 1899ರಲ್ಲೇ ಶುರುವಾಯಿತು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೌತವಿಜ್ಞಾನಿ ಫ್ರ್ಯಾಂಕ್ ಓಪನ್‌ಹೈಮರ್ ಕಟ್ಟಿದ ಎಕ್ಸ್‌ಪ್ಲೋರಟೋರಿಯಂ ಅಂತೂ ಪೂರ್ತಿ ಕೈಯಾಡಿಸಿ ನೋಡುವುದಕ್ಕೇ ಇರುವ ಜಾಗ. ಆದರೆ ಮುಟ್ಟಿದ ಕೂಡಲೇ ಕಲಿತ ಹಾಗಲ್ಲ. ನಾನು ಅಲ್ಲಿ ನೋಡಿದ ಹಾಗೆ ಎಷ್ಟೋ ಮಕ್ಕಳು ಹಲ್ಲು, ಮೊಟ್ಟೆ, ಉಗುರು ಎಲ್ಲವನ್ನೂ ಪಟಪಟನೆ ತಟ್ಟಿಕೊಂಡು ಓಡಿದರು. ಕೈ ವಸ್ತುವಿನ ಮೇಲಿದ್ದಾಗ ಪಕ್ಕದಲ್ಲಿದ್ದವರು ಒಂದು ಪ್ರಶ್ನೆ ಕೇಳಿದರೆ ಮಾತ್ರ ಆ ಕೈ ಅಲ್ಲೇ ನಿಲ್ಲುತ್ತಿತ್ತು.

ಹಲ್ಲಿನ ಮೇಜಿನಲ್ಲಿ ಇದು ಚೆನ್ನಾಗಿ ಕಾಣಿಸಿತು. ಮೂರು ಅಚ್ಚುಗಳಿದ್ದವು. ಟಿ. ರೆಕ್ಸ್‌ನದ್ದು ಉದ್ದ, ದಪ್ಪ, ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಕಚ್ಚು. ಬೇರು ಸೇರಿಸಿದರೆ ಇಂಥ ಹಲ್ಲು 30 ಸೆಂಟಿಮೀಟರ್ ಹತ್ತಿರ ಬರುತ್ತದೆ. ಉದ್ದ ಕುತ್ತಿಗೆಯ ದೊಡ್ಡ ಡೈನೋಸಾರಿನದ್ದು ಪೆನ್ಸಿಲಿನ ಹಾಗೆ ಸಪೂರ. ಬಾತುಕೋಳಿ ಮೂತಿಯ ಹ್ಯಾಡ್ರೊಸಾರ್‌ನದ್ದು ನೂರಾರು ಸಣ್ಣ ಹಲ್ಲು ಒತ್ತೊತ್ತಾಗಿ ಸೇರಿ ಆದ ಒಂದು ಹಲಗೆ. ಹೆಸರು ಬರೆದ ಚೀಟಿಯನ್ನು ಬೇಕೆಂದೇ ಮಡಚಿ ಇಟ್ಟಿದ್ದರು. ಕೇಳಿದ್ದು ಒಂದೇ ಪ್ರಶ್ನೆ: ಇದು ಏನು ತಿನ್ನುತ್ತಿತ್ತು? ಅಣ್ಣನ ಮಗ ಬೆರಳನ್ನು ಗರಗಸದ ಅಂಚಿನ ಮೇಲೆ ಎಳೆದು "ಮಾಂಸ" ಅಂದ. ಹಲಗೆಯ ಮೇಲೆ ಅಂಗೈ ಉಜ್ಜಿ "ಇದು ಅರೆಯುತ್ತೆ" ಅಂದ. ಸಪೂರ ಹಲ್ಲಿಗೆ ಬಂದಾಗ ಇಬ್ಬರೂ ತಡವರಿಸಿದರು. ಕಚ್ಚುವುದಕ್ಕೂ ಆಗಲ್ಲ, ಅರೆಯುವುದಕ್ಕೂ ಆಗಲ್ಲ. "ಎಲೆಯನ್ನ ಬಾಚಿಕೊಂಡು ಹಾಗೇ ನುಂಗುತ್ತಾ?" ಅಂದಳು ಮಗಳು. ಹಾಗೇ ನುಂಗುತ್ತಿತ್ತು.

ಮಕ್ಕಳು ಡೈನೋಸಾರ್ ಹೆಸರುಗಳನ್ನು ಗಿಳಿಪಾಠ ಒಪ್ಪಿಸುವುದನ್ನು ಕೇಳಿ ನಾವು ಖುಷಿ ಪಡುತ್ತೇವೆ, ನೆಂಟರ ಮುಂದೆ ಹೇಳಿಸುತ್ತೇವೆ ಕೂಡ. ಅದರಲ್ಲಿ ತಪ್ಪೇನಿಲ್ಲ. ಆದರೆ ಹೆಸರಿಗಿಂತ ಒಳಗೆ ಏನೋ ನಡೆಯುತ್ತಿರುತ್ತದೆ. ಮಿಶೆಲಿನ್ ಚಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 1983ರಲ್ಲಿ ನಾಲ್ಕೂವರೆ ವರ್ಷದ ಒಬ್ಬ ಹುಡುಗನ ಡೈನೋಸಾರ್ ಜ್ಞಾನವನ್ನೇ ಅಧ್ಯಯನ ಮಾಡಿದರು. ಅವನಿಗೆ 40 ಡೈನೋಸಾರ್ ಗೊತ್ತಿದ್ದವು. ಅವುಗಳಲ್ಲಿ ಚೆನ್ನಾಗಿ ಗೊತ್ತಿದ್ದ ಡೈನೋಸಾರ್‌ಗಳು ಅವನ ತಲೆಯಲ್ಲಿ ಬಿಡಿಬಿಡಿಯಾಗಿ ಇರಲಿಲ್ಲ. ಏನು ತಿನ್ನುತ್ತವೆ, ಹೇಗೆ ಕಾದಾಡುತ್ತವೆ ಅನ್ನುವ ಎಳೆಗಳಿಂದ ಗುಂಪುಗುಂಪಾಗಿ ಕಟ್ಟಿಕೊಂಡಿದ್ದವು, ಹಾಗಾಗಿ ನೆನಪಿನಲ್ಲೂ ಚೆನ್ನಾಗಿ ಉಳಿದಿದ್ದವು. ಕೆಲವು ವರ್ಷಗಳ ನಂತರ ಅದೇ ಬಗೆಯ ಇನ್ನೊಂದು ಅಧ್ಯಯನದಲ್ಲಿ, ಡೈನೋಸಾರ್ ಹುಚ್ಚಿನ ಮಕ್ಕಳಿಗೆ ಅವರು ಹಿಂದೆಂದೂ ನೋಡಿರದ ಪ್ರಾಣಿಯ ಚಿತ್ರ ತೋರಿಸಿದರು. ಗೊತ್ತಿರುವ ಗುಂಪಿಗೆ ಹೋಲಿಸಿ, ಇದೂ ಹೀಗೇ ಇದ್ದಿರಬೇಕು ಅಂತ ಆ ಮಕ್ಕಳು ಲೆಕ್ಕ ಹಾಕುತ್ತಿದ್ದರು. ಹಲ್ಲಿನ ಮೇಜು ಮಾಡಿದ್ದೂ ಅದನ್ನೇ. ಹೆಸರು ಮರೆತರೂ ಪರವಾಗಿಲ್ಲ, ಹಲ್ಲು ಕಂಡರೆ ಊಟ ಹೇಳಬಹುದು ಅನ್ನುವುದು ಮರೆಯುವುದಿಲ್ಲ.

ಈಗ ಮೂಳೆ ಜೋಡಿಸುವ ಹಲಗೆಗೆ ಬರುತ್ತೇನೆ. ನಾನು ಇದನ್ನೆಲ್ಲಾ ಬರೆಯಲು ಕೂತಿರುವುದೇ ಅದಕ್ಕೆ.

ಗೋಡೆಗೆ ದೊಡ್ಡದೊಂದು ಹಲಗೆ. ಅದರ ಮೇಲೆ ಅಯಸ್ಕಾಂತದಿಂದ ಅಂಟುವ ಮೂಳೆಗಳನ್ನು ಜೋಡಿಸಿ ಇಗ್ವಾನೊಡಾನ್ ಎಂಬ ಡೈನೋಸಾರ್ ಮಾಡಬೇಕು. ಮಾದರಿ ಚಿತ್ರ ಇಲ್ಲ. ಇದೇ ದೊಡ್ಡ ಜಾಣತನ. ಮಗಳು ಬೆನ್ನು, ಪಕ್ಕೆಲುಬು, ಕಾಲು ಎಲ್ಲಾ ಅಂಟಿಸಿ ಮುಗಿಸಿದಳು. ಕೊನೆಗೆ ಒಂದು ಚೂಪಾದ ಕೊಂಬಿನಂಥ ಮೂಳೆ ಉಳಿಯಿತು. ಒಂದು ಕ್ಷಣವೂ ಯೋಚಿಸದೆ ಮೂಗಿನ ಮೇಲೆ ಅಂಟಿಸಿದಳು. ಖಡ್ಗಮೃಗದ ಹಾಗೆ. "ಆಯ್ತು!"

ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಆ ಹುಡುಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಅವಳು ತಪ್ಪು ಅನ್ನಲಿಲ್ಲ. "ಚೆನ್ನಾಗಿದೆ. ಡಬ್ಬಿಯಲ್ಲಿ ಇನ್ನೂ ಒಂದು ಇದೆಯಲ್ಲ, ಅದನ್ನ ಎಲ್ಲಿಡ್ತೀಯಾ?" ಅಂದಳು. ನಿಜ, ಅಂಥದ್ದೇ ಇನ್ನೊಂದು ಚೂಪು ಮೂಳೆ ತಳದಲ್ಲಿತ್ತು. ಮಗಳು ಮೊದಲು ಅದನ್ನೂ ಮೂಗಿನ ಮೇಲೆ, ಇನ್ನೊಂದರ ಪಕ್ಕಕ್ಕೆ ಇಟ್ಟಳು. ಜಾಗ ಸಾಲಲಿಲ್ಲ. ಜಾರಿ ಬಿತ್ತು. ಬಾಲದ ತುದಿಗೆ ಇಟ್ಟಳು. ಅದೂ ಅವಳಿಗೇ ಒಪ್ಪಿಗೆಯಾಗಲಿಲ್ಲ. ಎರಡು ಹೆಜ್ಜೆ ಹಿಂದೆ ಬಂದು ನಿಂತಳು. ಅಣ್ಣನ ಮಗ ಅಷ್ಟರಲ್ಲಿ ಹಲಗೆಯ ಪ್ರಾಣಿಗೆ ಕೈ ಕೊಡಲು ಹೋಗಿ, "ಅಕ್ಕಾ, ಇದಕ್ಕೆ ನಾಲ್ಕೇ ಬೆರಳು" ಅಂದ. ಹೆಬ್ಬೆರಳಿನ ಜಾಗದಲ್ಲಿ ಏನೂ ಇರಲಿಲ್ಲ, ಒಂದು ಗುಂಡಿ ಮಾತ್ರ. ಮಗಳು ಆ ಕೈ ನೋಡಿದಳು, ಆ ಕಡೆಯ ಕೈ ನೋಡಿದಳು. ಅಲ್ಲೂ ಒಂದು ಗುಂಡಿ. ಮೂಗಿನಿಂದ ಕೊಂಬು ಕಿತ್ತು ಒಂದು ಕೈಗೆ ಇಟ್ಟಳು, ಇನ್ನೊಂದನ್ನು ಇನ್ನೊಂದು ಕೈಗೆ. ಎರಡೂ ಟಕ್ ಅಂತ ಕೂತವು.

ಇದೇ ದಾರಿಯಲ್ಲಿ ದೊಡ್ಡವರು ಹೋಗಿ ಬರಲು ಐವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಕೆಲವು ಹಲ್ಲುಗಳನ್ನು ನೋಡಿ, ಇಗ್ವಾನಾ ಎಂಬ ಹಲ್ಲಿಯ ಹಲ್ಲನ್ನು ಹೋಲುತ್ತವೆ ಅಂತ ಈ ಪ್ರಾಣಿಗೆ ಹೆಸರಿಟ್ಟರು. ಅವರ ಕೈಗೆ ಸಿಕ್ಕ ಚೂಪು ಮೂಳೆ ಒಂದೇ. ಅದು ಮೂಗಿನ ಮೇಲೆ ಹೋಯಿತು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಪೂರ್ತಿ ಗಾತ್ರದ ಶಿಲ್ಪಗಳನ್ನು ನಿಲ್ಲಿಸಿದಾಗಲೂ ಇಗ್ವಾನೊಡಾನ್ ಮೂಗಿನ ಮೇಲೆ ಕೊಂಬು ಹೊತ್ತಿತ್ತು. ಆ ಶಿಲ್ಪಗಳು ಇವತ್ತಿಗೂ ಅಲ್ಲೇ ಇವೆ. 1878ರಲ್ಲಿ ಬೆಲ್ಜಿಯಂನ ಬೆರ್ನಿಸ್ಸಾರ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಆಳದಲ್ಲಿ ಗಣಿ ಕೆಲಸದವರಿಗೆ ಇಗ್ವಾನೊಡಾನ್‌ಗಳ ದೊಡ್ಡ ಹಿಂಡೇ ಸಿಕ್ಕಿತು, ಸುಮಾರು 30 ಅಸ್ಥಿಪಂಜರಗಳು, ಎಷ್ಟೋ ಪೂರ್ತಿಯಾಗಿದ್ದವು. ವಿಜ್ಞಾನಿ ಲೂಯಿ ಡೊಲೊ ಅವುಗಳನ್ನು ಜೋಡಿಸಿದರು. ಒಂದೊಂದು ಪ್ರಾಣಿಗೂ ಎರಡೆರಡು ಚೂಪು ಮೂಳೆ, ಎರಡೂ ಹೆಬ್ಬೆರಳು. ಅಲ್ಲಿಗೂ ಕಥೆ ಮುಗಿಯಲಿಲ್ಲ. ಡೊಲೊ ಪ್ರಾಣಿಯನ್ನು ಕಾಂಗರೂ ಹಾಗೆ ಬಾಲ ಊರಿ ನೆಟ್ಟಗೆ ನಿಲ್ಲಿಸಿದ್ದರು. ಬಾಲ ಹಾಗೆ ಬಾಗುವುದೇ ಇಲ್ಲ, ಬೆನ್ನು ನೆಲಕ್ಕೆ ಸಮವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಬ್ರಸೆಲ್ಸ್‌ನಲ್ಲಿ ಆ ಅಸ್ಥಿಪಂಜರಗಳು ಈಗಲೂ ಹಳೆಯ ಭಂಗಿಯಲ್ಲೇ ನಿಂತಿವೆ. ಬಿಚ್ಚಿ ಮತ್ತೆ ಜೋಡಿಸಲು ಹೋದರೆ ಪುಡಿಯಾಗುವ ಭಯ.

ಮಗಳಿಗೆ ಇದನ್ನೆಲ್ಲಾ ಹೇಳಿದಾಗ ಅವಳು ಹಿಡಿದುಕೊಂಡದ್ದು ಒಂದನ್ನೇ: "ಆ ಡಾಕ್ಟರೂ ಮೂಗಿನ ಮೇಲೇ ಇಟ್ಟಿದ್ರಾ?" ಅವಳ ಮುಖದಲ್ಲಿ ಎಂಥಾ ಹೆಮ್ಮೆ! ತಾನೂ ಆ ಡಾಕ್ಟರೂ ಒಂದೇ ತಂಡ ಅನ್ನುವ ಹಾಗೆ. ಮಾದರಿ ಚಿತ್ರ ಪಕ್ಕದಲ್ಲೇ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಚಿತ್ರ ನೋಡಿ ಅಂಟಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು, ಮುಂದೆ ಹೋಗುತ್ತಿದ್ದಳು.

ಮೊದಲೇ ಹೇಳಿಕೊಡುವುದರಿಂದ ಆಗುವ ನಷ್ಟದ ಬಗ್ಗೆ ಒಂದು ಅಧ್ಯಯನ ನನಗೆ ಯಾವಾಗಲೂ ನೆನಪಾಗುತ್ತದೆ. ಎಲಿಜಬೆತ್ ಬೊನವಿಟ್ಜ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ್ದು. ಒಂದು ಆಟಿಕೆ, ಅದರಲ್ಲಿ ಎಳೆದರೆ ಕೀ ಅಂತ ಸದ್ದು ಮಾಡುವ ಕೊಳವೆಯೂ ಸೇರಿ ನಾಲ್ಕು ಚಮತ್ಕಾರ ಅಡಗಿವೆ. ಕೆಲವು ಮಕ್ಕಳಿಗೆ ದೊಡ್ಡವರು "ನೋಡು, ಇದು ಹೀಗೆ ಕೆಲಸ ಮಾಡುತ್ತೆ" ಅಂತ ಕೊಳವೆಯೊಂದನ್ನೇ ಪಾಠ ಮಾಡಿ ತೋರಿಸಿದರು. ಇನ್ನು ಕೆಲವರ ಮುಂದೆ ಅಕಸ್ಮಾತ್ತಾಗಿ ಕೀ ಎನ್ನಿಸಿದ ಹಾಗೆ ನಟಿಸಿದರು. ಪಾಠ ಮಾಡಿಸಿಕೊಂಡ ಮಕ್ಕಳು ಕೊಳವೆ ಎಳೆದೆಳೆದು ಸುಮ್ಮನಾದರು, ಉಳಿದ ಚಮತ್ಕಾರಗಳನ್ನು ಕಂಡುಹಿಡಿದದ್ದು ಕಡಿಮೆ. ದೊಡ್ಡವರು ಪಾಠ ಮಾಡಿದರು ಅಂದರೆ ಹೇಳಬೇಕಾದದ್ದೆಲ್ಲಾ ಹೇಳಿದ್ದಾರೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ದಡ್ಡತನವಲ್ಲ ಅದು, ನಮ್ಮ ಮೇಲಿನ ನಂಬಿಕೆ.

ಹಾಗಂತ ಬಾಯಿ ಹೊಲಿದುಕೊಂಡು ಕೂರಬೇಕು ಅಂತಲ್ಲ. ಇನ್ನೊಂದು ಅಧ್ಯಯನ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿದೆ. ಹೆಣ್ಣುಮಗಳ ತಾಯಿಯಲ್ಲವಾ. ಕೆವಿನ್ ಕ್ರೌಲಿ, ಮೌರೀನ್ ಕ್ಯಾಲನನ್ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದ ಒಂದು ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಏನು ಮಾತಾಡುತ್ತಾರೆ ಅಂತ ದಾಖಲಿಸಿ 2001ರಲ್ಲಿ ಪ್ರಕಟಿಸಿದರು. ಹೇಗೆ ಬಳಸಬೇಕು ಅನ್ನುವುದನ್ನು ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಹೇಳುತ್ತಿದ್ದರು. ಆದರೆ ಯಾಕೆ ಹೀಗಾಗುತ್ತದೆ ಅನ್ನುವ ವಿವರಣೆ ಗಂಡು ಮಕ್ಕಳಿಗೆ ಸಿಕ್ಕಿದ್ದು ಸುಮಾರು ಮೂರು ಪಟ್ಟು ಹೆಚ್ಚು. ಅಪ್ಪಂದಿರೊಂದೇ ಅಲ್ಲ, ಅಮ್ಮಂದಿರೂ ಹಾಗೇ. ಇದನ್ನು ಓದಿದ ಮೇಲೆ ಇಂಥ ಜಾಗಗಳಲ್ಲಿ ನನ್ನ ಕಿವಿ ನನ್ನ ಮಾತಿನ ಮೇಲೇ ಇರುತ್ತದೆ. ಡೈನೋಸಾರ್ ಅಂದರೆ ಹುಡುಗರ ಆಟ ಅಂತ ಮೊದಲೇ ತೀರ್ಮಾನ ಮಾಡಿರುವ ಅಂಗಡಿಗಳ ನಡುವೆ ಈ ಎಚ್ಚರ ಬೇಕೇ ಬೇಕು. ಇಂಗ್ಲೆಂಡಿನ ಮೇರಿ ಆ್ಯನಿಂಗ್ ಎಂಬ ಹುಡುಗಿ ಅಣ್ಣನ ಜೊತೆ ಸಮುದ್ರದಂಡೆಯ ಬಂಡೆಯಿಂದ ಇಕ್ಥಿಯೋಸಾರ್ ಎಂಬ ಸಮುದ್ರ ಸರೀಸೃಪದ ಪಳೆಯುಳಿಕೆ ಪತ್ತೆಮಾಡಿದಾಗ ಅವಳಿಗೆ ಹನ್ನೆರಡರ ಆಸುಪಾಸು. 1811-12ರ ಮಾತು.

ಮರಳಿನ ತೊಟ್ಟಿಯ ಬಗ್ಗೆ ನನಗೆ ಅಷ್ಟು ಮೆಚ್ಚುಗೆ ಇಲ್ಲ. ಎಲ್ಲರೂ ಅದನ್ನೇ ಹೊಗಳುತ್ತಾರೆ. ಮಕ್ಕಳು ಖುಷಿಯಾಗಿ ಆಡುತ್ತಾರೆ, ನಿಜ. ಆದರೆ ಸಡಿಲ ಮರಳನ್ನು ಎರಡು ಸಲ ಸರಿಸಿದರೆ ಪೂರ್ತಿ ತಲೆಬುರುಡೆ ಸಿಗುತ್ತದೆ ಅಂದರೆ ಮಗು ಏನು ಅಂದುಕೊಳ್ಳಬೇಕು? ನಿಜವಾದ ಅಗೆತದಲ್ಲಿ ಬಂಡೆ ಗಟ್ಟಿ, ಮೂಳೆ ಚೂರುಚೂರು. ಯಾವುದು ಎಲ್ಲಿ, ಯಾವ ದಿಕ್ಕಿಗೆ ಬಿದ್ದಿತ್ತು ಅಂತ ನಕ್ಷೆ ಬರೆದುಕೊಂಡ ಮೇಲೆಯೇ ಎತ್ತುವುದು. ಎತ್ತುವಾಗಲೂ ಮುರಿದ ಕೈಗೆ ಹಾಕುವ ಹಾಗೆ ಗೋಣಿಬಟ್ಟೆ, ಪ್ಲಾಸ್ಟರ್ ಸುತ್ತಿ ಎತ್ತುತ್ತಾರೆ. ಪ್ರಯೋಗಾಲಯದಲ್ಲಿ ಬಿಡಿಸಲು ತಿಂಗಳುಗಟ್ಟಲೆ ಬೇಕು. ಈ ತೊಟ್ಟಿಯಲ್ಲಿ ನನಗೆ ಹಿಡಿಸಿದ್ದು ಒಂದೇ. ದಾರ ಕಟ್ಟಿ ಚೌಕ ಮಾಡಿದ್ದರು. ಸಿಕ್ಕಿದ್ದನ್ನು ಅದೇ ಚೌಕದ ಚಿತ್ರದಲ್ಲಿ ಗುರುತು ಹಾಕಲು ಕಾಗದ ಇತ್ತು. ಹತ್ತರಲ್ಲಿ ಒಂಬತ್ತು ಮಕ್ಕಳು ಕಾಗದ ಮುಟ್ಟಲಿಲ್ಲ. ಅಣ್ಣನ ಮಗ ಅದರಿಂದ ದೋಣಿ ಮಾಡಿಕೊಡು ಅಂದ.

ಅವನಿಗೆ ಹಿಡಿಸಿದ್ದು ಹೆಜ್ಜೆ ಗುರುತು. ನೆಲದಲ್ಲಿ ಮೂರು ಬೆರಳಿನ ಒಂದು ಗುರುತು, ಉದ್ದ ಅರ್ಧ ಮೀಟರ್. ಪಾದದ ಉದ್ದದ ಸುಮಾರು ನಾಲ್ಕು ಪಟ್ಟು ಎತ್ತರದಲ್ಲಿ ಸೊಂಟ ಇರುತ್ತದೆ ಅನ್ನುವ ಲೆಕ್ಕವನ್ನು ಬ್ರಿಟನ್ನಿನ ಪ್ರಾಣಿವಿಜ್ಞಾನಿ ಆರ್. ಮೆಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಬಳಸಿದ್ದರು. ಹೆಜ್ಜೆಗಳ ನಡುವಿನ ದೂರವನ್ನೂ ಸೇರಿಸಿ ವೇಗ ಕೂಡ ಅಂದಾಜು ಮಾಡಬಹುದು. ಮಕ್ಕಳಿಗೆ ಲೆಕ್ಕ ಬೇಡ. ಗುರುತಿನಷ್ಟೇ ಉದ್ದದ ರಟ್ಟಿನ ಪಾದಗಳನ್ನು ಕೊಟ್ಟಿದ್ದರು. ಒಂದರ ಮೇಲೊಂದು ನಾಲ್ಕು ಪಾದ ಗೋಡೆಗೆ ಅಂಟಿಸಬೇಕು. ಮೂರನೆಯದಕ್ಕೇ ಅವನ ಕೈ ಎಟುಕಲಿಲ್ಲ. ನಾನು ಎತ್ತಿಕೊಂಡೆ. ನಾಲ್ಕನೆಯದು ಅಂಟಿಸಿ ಕೆಳಗೆ ನೋಡಿ, "ಇಲ್ಲಿ ಬರೀ ಸೊಂಟ?" ಅಂದ. ಮೇಲೆ ನೋಡಿದ. ಯಂತ್ರದ ಡೈನೋಸಾರ್ ಮುಂದೆ ಬರೀ ಹೆದರಿದ್ದವನು ಇಲ್ಲಿ, ಒಂದು ಖಾಲಿ ಗೋಡೆಯ ಮುಂದೆ, ಅದು ಎಷ್ಟು ದೊಡ್ಡದು ಅಂತ ಅಳೆದಿದ್ದ.

ಸಗಣಿಯ ಮೇಜಿನ ಬಗ್ಗೆ ಹೇಳದಿದ್ದರೆ ಮಕ್ಕಳು ನನ್ನನ್ನು ಕ್ಷಮಿಸುವುದಿಲ್ಲ. ಕಲ್ಲಾದ ಸಗಣಿ. ಆ ವಯಸ್ಸಿಗೆ ಇದಕ್ಕಿಂತ ದೊಡ್ಡ ನಗೆಹಬ್ಬ ಇನ್ನೊಂದಿಲ್ಲ. ನಗು ಮುಗಿದ ಮೇಲೆ ಭೂತಗನ್ನಡಿ ಕೊಡುತ್ತಾರೆ, ಒಳಗೆ ಏನಿದೆ ಹುಡುಕಿ ಅಂತ. ಕೆನಡಾದಲ್ಲಿ ಸಿಕ್ಕ 44 ಸೆಂಟಿಮೀಟರ್ ಉದ್ದದ ಒಂದು ತುಂಡಿನಲ್ಲಿ ಮೂಳೆಯ ಚೂರುಗಳಿದ್ದವು. ಟಿ. ರೆಕ್ಸ್‌ನದ್ದೇ ಇರಬೇಕು ಅಂತ 1998ರಲ್ಲಿ ವರದಿಯಾಯಿತು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ತುಂಡುಗಳಲ್ಲಿ ಹುಲ್ಲಿನ ಸೂಕ್ಷ್ಮ ಕಣಗಳು ಇದ್ದವು ಅಂತ 2005ರಲ್ಲಿ ಪ್ರಕಟವಾದಾಗ ವಿಜ್ಞಾನಿಗಳೇ ಬೆರಗಾದರು. ಡೈನೋಸಾರ್ ಕಾಲದಲ್ಲಿ ಹುಲ್ಲು ಇತ್ತು ಅನ್ನುವುದಕ್ಕೆ ಅಷ್ಟು ಗಟ್ಟಿ ಸಾಕ್ಷಿ ಅಲ್ಲಿಯವರೆಗೆ ಇರಲಿಲ್ಲ.

ಕಾಲದ ವಿಷಯಕ್ಕೆ ಬಂದರೆ, ಈ ವಯಸ್ಸಿನ ಮಕ್ಕಳಿಗೆ ಕೋಟಿ ವರ್ಷ ತಿಳಿಸಲು ಹೋಗಬೇಡಿ. ನಾಳಿದ್ದು ಅನ್ನುವುದೇ ಅವರಿಗೆ ದೂರ. "ಅಜ್ಜಿ ಚಿಕ್ಕವಳಿದ್ದಾಗ ಡೈನೋಸಾರ್ ಇತ್ತಾ?" ಅಂತ ಮಗಳು ಈಗಲೂ ಕೇಳುತ್ತಾಳೆ. ಪ್ರದರ್ಶನದಲ್ಲಿ ಗೋಡೆಗೆ ಒಂದು ಕಾಗದದ ಪಟ್ಟಿ ಇತ್ತು, ಒಂದು ಸೆಂಟಿಮೀಟರ್ ಅಂದರೆ ಹತ್ತು ಲಕ್ಷ ವರ್ಷ. ಈ ತುದಿಯಲ್ಲಿ ನಾವು, ಬರೀ 3 ಮಿಲಿಮೀಟರ್. 66 ಸೆಂಟಿಮೀಟರಿನಲ್ಲಿ ಆಕಾಶದಿಂದ ಬಿದ್ದ ಬಂಡೆ, ಟಿ. ರೆಕ್ಸ್‌ನ ಕೊನೆ. ಬೆನ್ನ ಮೇಲೆ ಹಲಗೆಗಳ ಸಾಲು ಹೊತ್ತ ಸ್ಟೆಗೊಸಾರಸ್ ಇನ್ನೂ ಆಚೆ, ಒಂದೂವರೆ ಮೀಟರಿನ ಹತ್ತಿರ. ಮಗಳು ಅಂಗೈ ಅಗಲಿಸಿ ಗೇಣು ಹಾಕಿ ಅಳೆದು, ಟಿ. ರೆಕ್ಸ್ ನಮಗೇ ಹತ್ತಿರ, ಸ್ಟೆಗೊಸಾರಸ್‌ಗೆ ದೂರ ಅಂತ ಘೋಷಿಸಿದಳು. ವರ್ಷ ಎಷ್ಟು ಅಂತ ಅವಳಿಗೆ ಗೊತ್ತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತು. ಐದೂವರೆ ವರ್ಷಕ್ಕೆ ಧಾರಾಳ ಆಯಿತು.

ಮನೆಗೆ ಬಂದ ಮೇಲೆ ಅವಳಲ್ಲಿ ಉಳಿದುಕೊಂಡಿರುವುದು "ಹೇಗೆ ಗೊತ್ತು?" ಅನ್ನುವ ಕಾಟ. ಪುಸ್ತಕದಲ್ಲಿ ಡೈನೋಸಾರ್ ಹಸಿರು ಬಣ್ಣದ್ದಿದೆ. ಹೇಗೆ ಗೊತ್ತು? ಬಹಳಷ್ಟು ಸಲ ಚಿತ್ರಕಾರರ ಊಹೆ ಅಂತಲೇ ಹೇಳಬೇಕಾಯಿತು. ಎಲ್ಲೋ ಕೆಲವಕ್ಕೆ ಉತ್ತರ ಇದೆ. ಚೀನಾದಲ್ಲಿ 1996ರಲ್ಲಿ ಬೆಳಕಿಗೆ ಬಂದ ಸಿನೊಸಾರೊಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರಿನ ಮೈಮೇಲೆ ಗರಿಯ ನವಿರು ಉಳಿದಿತ್ತು. ಆ ನವಿರಿನಲ್ಲಿ ಬಣ್ಣದ ಕಣಗಳನ್ನು ಹುಡುಕಿ, ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆ ಇತ್ತು ಅಂತ 2010ರಲ್ಲಿ ಹೇಳಿದರು. ಮಗಳು ಅದೊಂದಕ್ಕೆ ಸರಿಯಾದ ಬಣ್ಣ ಹಾಕಿ, ಉಳಿದವಕ್ಕೆಲ್ಲಾ ನೇರಳೆ ಹಾಕಿದ್ದಾಳೆ. ಗೊತ್ತಿಲ್ಲದ ಮೇಲೆ ನೇರಳೆ ಯಾಕಾಗಬಾರದು ಅನ್ನುವುದು ಅವಳ ವಾದ. ನನ್ನ ಬಳಿ ಉತ್ತರ ಇಲ್ಲ.

ಪ್ರದರ್ಶನದಲ್ಲಿ ಇನ್ನೊಂದು ಆಟ ಆಡಿಸಿದ್ದರು. ಮೊದಲು ಮೊಣಕೈ ಮೊಣಕಾಲು ಪಕ್ಕಕ್ಕೆ ಚಾಚಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ ಹಲ್ಲಿ ಹಾಗೆ ತೆವಳಬೇಕು. ಆಮೇಲೆ ಕೈಕಾಲು ಮೈಯ ಕೆಳಗೆ ನೆಟ್ಟಗೆ ಇಟ್ಟು ನಡೆಯಬೇಕು. ಡೈನೋಸಾರ್ ಕಾಲು ಎರಡನೆಯ ಥರದ್ದು. ಸೊಂಟದ ಗುಳಿಯಲ್ಲಿ ತೊಡೆಮೂಳೆ ಕೂರುವ ರೀತಿಯೇ ಹಾಗಿದೆ. ತೆವಳಿ ಸುಸ್ತಾದ ಮಕ್ಕಳಿಗೆ ನೆಟ್ಟಗಿನ ಕಾಲು ಯಾಕೆ ಒಳ್ಳೆಯದು ಅಂತ ಯಾರೂ ವಿವರಿಸಬೇಕಾಗಿ ಬರಲಿಲ್ಲ.

ಮೊನ್ನೆ ಇಬ್ಬರೂ ಆಟಿಕೆ ಡಬ್ಬಿ ಸುರಿದುಕೊಂಡು ಕೂತಿದ್ದರು. ಇಂಥ ಡಬ್ಬಿಗಳಲ್ಲಿ ಬೆನ್ನ ಮೇಲೆ ಹಾಯಿಪಟದಂಥದ್ದನ್ನು ಹೊತ್ತ ಡೈಮೆಟ್ರೊಡಾನ್ ಒಂದು ಇದ್ದೇ ಇರುತ್ತದೆ. ಅದು ಡೈನೋಸಾರ್ ಅಲ್ಲ. ಮೊದಲ ಡೈನೋಸಾರ್ ಹುಟ್ಟುವ ಕೋಟಿಗಟ್ಟಲೆ ವರ್ಷ ಮೊದಲೇ ಅಳಿದುಹೋದದ್ದು. ನೆಂಟಸ್ತಿಕೆ ನೋಡಿದರೆ ಡೈನೋಸಾರ್‌ಗಿಂತ ನಮಗೇ ಹತ್ತಿರ. ಇದ್ಯಾವುದೂ ಮಗಳಿಗೆ ಗೊತ್ತಿಲ್ಲ, ನಾನು ಹೇಳಿಯೂ ಇಲ್ಲ. ಅವಳು ಅದನ್ನು ಎತ್ತಿ, ಕೆಳಗಿನಿಂದ ನೋಡಿ, ಪಕ್ಕಕ್ಕೆ ಚಾಚಿದ ಕಾಲು ಕಂಡು ಬೇರೆ ಇಟ್ಟಳು.

"ಅಕ್ಕಾ, ಅದೂ ಡೈನೋಸಾರೇ. ಡಬ್ಬಿ ಮೇಲೆ ಚಿತ್ರ ಇದೆಯಲ್ಲ" ಅಂದ ಇವನು.

"ಡಬ್ಬಿ ಮಾಡಿದವರು ಕಾಲು ನೋಡಿಲ್ಲ" ಅಂದಳು.

ಅವನು ಒಪ್ಪಲಿಲ್ಲ. ನೆಲದ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಒತ್ತಿ, ಒಂದೊಂದೇ ಪ್ರಾಣಿಯ ಕಾಲನ್ನು ತಾನೇ ನೋಡುತ್ತಾ ಹೋದ. ಟಿ. ರೆಕ್ಸ್, ಸ್ಟೆಗೊಸಾರಸ್, ಮೂರು ಕೊಂಬಿನ ಟ್ರೈಸೆರಾಟಾಪ್ಸ್. ಕೊನೆಗೆ ತನ್ನದೊಂದು ಪ್ಲಾಸ್ಟಿಕ್ ಆನೆ ತಂದು, "ಇದರದ್ದೂ ನೆಟ್ಟಗಿದೆ, ಇದೂ ಡೈನೋಸಾರಾ ಹಾಗಾದರೆ?" ಅಂದ. ಮಗಳು ನನ್ನ ಕಡೆ ತಿರುಗಿದಳು. ನಾನು ಆನೆಯನ್ನು ಕೈಗೆ ತೆಗೆದುಕೊಂಡು, "ಒಳ್ಳೆ ಪ್ರಶ್ನೆ. ಇನ್ನೇನು ನೋಡಬಹುದು?" ಅಂದೆ. ಇಬ್ಬರೂ ಆನೆಯ ಬಾಲ ನೋಡಲು ಶುರುಮಾಡಿದರು.